ಮಿಲ್ಟ್ರಿಯವನ ಮೇಲೆ ಡಿಕ್ರಿ ಆಗಿದೆ, ಪಗಾರ ಮುಟ್ಟೋ ಹಾಗಿಲ್ಲ ಅಂತಾರೆ. ರೊಕ್ಕ ವಸೂಲಿ ಹೇಗೆ?

ಆಳಂದ ಅಂಗಡಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಇಲ್ಲಿ ವಕೀಲರೂ ಇದ್ದೀರಿ, ರಿಟೈರ್ ಆದ ಫೌಜಿಗಳೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಆಳಂದದಲ್ಲಿ ನಮ್ಮದು ಸಿಮೆಂಟ್, ಸಳಿ, ತಗಡಿನ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ನಾನೇ ನಡೆಸುತ್ತೇನೆ. ತಾಲೂಕಿನದೇ ಒಂದು ಹಳ್ಳಿಯ ಹುಡುಗ, ಮಿಲ್ಟ್ರಿಯಲ್ಲಿ ನಾಯಕ್. ರಜೆಗೆ ಬಂದಾಗ ಊರಲ್ಲಿ ಮನೆ ಕಟ್ಟಿಸಲು ಶುರು ಮಾಡಿದ. ಮೊದಲ ಲೋಡುಗಳಿಗೆ ನಗದು ಕೊಟ್ಟ. ರಜೆ ಮುಗಿಸಿ ಹೊರಟಾಗ, 'ಅಕ್ಕಾ, ತಮ್ಮ ಬಂದು ಒಯ್ತಾನೆ, ನಾನು ಅಲ್ಲಿಂದ ಹಾಕ್ತೀನಿ' ಅಂದ. ಉದ್ರಿ ಖಾತೆ ಅಲ್ಲಿಂದ ಬೆಳೀತು. ಸಿಮೆಂಟ್, ಸಳಿ, ಕೊನೆಗೆ ಶಹಾಬಾದ್ ಫರಸಿ ಕೂಡ ನಮ್ಮ ಮೂಲಕವೇ ತರಿಸಿಕೊಂಡರು. ಪ್ರತಿ ಲೋಡಿಗೂ ಖಾತೆಯಲ್ಲಿ ತಮ್ಮನ ಸಹಿ ಇದೆ. ಮನೆ ಶಾಂತಿ ಊಟಕ್ಕೆ ನನ್ನನ್ನೂ ಕರೆದಿದ್ದರು. ಹೋಳಿಗೆ ಬಡಿಸಿದರು, ರೊಕ್ಕದ ಮಾತೆತ್ತಿದರೆ ಮುಂದಿನ ತಿಂಗಳು ಅಂದರು.

ಕಡೆಗೆ ದಾವಾ ಹಾಕಿದೆ. ಸಮನ್ಸ್ ಅವನ ಯೂನಿಟ್ ಕಮಾಂಡಿಂಗ್ ಆಫೀಸರ್ ಮೂಲಕ ಹೋಗಿ, ಅವನ ಸಹಿ ಆಗಿ ವಾಪಸ್ ಬಂತು. ತನ್ನ ಪರವಾಗಿ ಕೇಸ್ ನಡೆಸಲು ತಮ್ಮನಿಗೆ ಅಧಿಕಾರ ಬರೆದು ಕಳಿಸಿದ. ತಮ್ಮ ವಕೀಲರನ್ನಿಟ್ಟು, ಸಿಮೆಂಟ್ ಚೀಲ ಗಟ್ಟಿಯಾಗಿದ್ದವು, ಲೆಕ್ಕ ತಪ್ಪು ಅಂತೆಲ್ಲ ವಾದ ಮಾಡಿಸಿದ. ನ್ಯಾಯಾಧೀಶರು ಖಾತೆ ಬುಕ್ ಪುಟ ತಿರುವಿ ಎಲ್ಲಾ ಸಹಿ ನೋಡಿದರು. 2024ರ ಆಗಸ್ಟ್‌ನಲ್ಲಿ ನನ್ನ ಪರ ಡಿಕ್ರಿ ಆಯಿತು. ಅಸಲು 2,86,400 ರೂಪಾಯಿ, ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ, ಕೋರ್ಟ್ ಖರ್ಚು ಬೇರೆ. ಅಪೀಲ್ ಹಾಕಿಲ್ಲ.

ಇಷ್ಟಾದರೂ ಕೈಗೆ ಒಂದು ರೂಪಾಯಿ ಬಂದಿಲ್ಲ. ನನ್ನ ತಿಳುವಳಿಕೆ ಏನಿತ್ತು ಅಂದರೆ, ಸರ್ಕಾರಿ ಪಗಾರ, ಡಿಕ್ರಿ ಆಯ್ತು ಅಂದರೆ ತಿಂಗಳಿಗಿಷ್ಟು ಅಂತ ಕಟ್ ಆಗಿ ಬರುತ್ತೆ. ಹೈಸ್ಕೂಲ್ ಮೇಷ್ಟ್ರ ಪಗಾರ ಹಾಗೆ ಕಟ್ ಆಗಿದ್ದು ನೋಡಿದ್ದೇನೆ. ನಮ್ಮ ವಕೀಲರು ಮಿಲ್ಟ್ರಿ ಪಗಾರ ಜಪ್ತಿ ಆಗಲ್ಲ, ಅರೆಸ್ಟ್ ವಾರಂಟೂ ಸಿಗಲ್ಲ ಅಂತಾರೆ. ಹಂಗಾದರೆ ಈ ಡಿಕ್ರಿ ಏನು ಗೋಡೆಗೆ ತೂಗುಹಾಕಲಿಕ್ಕಾ?

ಇನ್ನೊಂದು ಮಾತು. 'ದೇಶ ಕಾಯುವವನ ಮೇಲೆ ಕೇಸ್ ಹಾಕಿದೆಯಾ' ಅಂತ ಓಣಿಯಲ್ಲಿ ಈಗಾಗಲೇ ಸಾಕಷ್ಟು ಕೇಳಿಸಿಕೊಂಡಿದ್ದೇನೆ. ಸಿಮೆಂಟ್ ಡೀಲರ್ ನನ್ನ ಹತ್ತಿರ ದೇಶಭಕ್ತಿ ಕೇಳಲ್ಲ, ಚೆಕ್ ಕೇಳ್ತಾನೆ. ಹಾಗಾಗಿ ಆ ಉಪದೇಶ ಒಂದು ಬಿಟ್ಟು ಬೇರೆ ಏನಾದರೂ ಹೇಳಿ.

—

ಸೂಪರ್ ಮಾರ್ಕೆಟ್ ಹುಡುಗ:

ಅಕ್ಕಾ, ಸೀದಾ ಸ್ಟೇಷನ್‌ಗೆ ಹೋಗಿ 420 ಕೇಸ್ ಕೊಡಿ. ಅವನ ಫೋಟೋ, ಡಿಕ್ರಿ ಎರಡನ್ನೂ ಊರಿನ ವಾಟ್ಸಪ್ ಗ್ರೂಪಿಗೆ ಹಾಕಿ. ಎರಡೇ ದಿನದಲ್ಲಿ ರೊಕ್ಕ ಬರುತ್ತೆ ನೋಡಿ.

—

ಕೋರ್ಟ್ ರೋಡ್ ವಕೀಲ, ಕಲಬುರಗಿ:

ಅಕ್ಕಾವ್ರೇ, ಮೇಲಿನ ತಮ್ಮ ಹೇಳಿದ ಎರಡೂ ಕೆಲಸ ಮಾಡಬೇಡಿ. ಸಿವಿಲ್ ಕೋರ್ಟಿನಲ್ಲಿ ತೀರ್ಮಾನ ಆದ ಬಾಕಿಯನ್ನು ಪೊಲೀಸರು ವಸೂಲಿ ಮಾಡಿಕೊಡುವುದಿಲ್ಲ. ಫೋಟೋ ಹಾಕಿದರೆ ಮಾನನಷ್ಟ ಅಂತ ಅವನೇ ನಿಮ್ಮ ಮೇಲೆ ಬರುತ್ತಾನೆ. ಗೆದ್ದ ಕೇಸಿಗೆ ಸುಮ್ನೆ ಇನ್ನೊಂದು ಕೇಸ್ ಯಾಕೆ ಅಂಟಿಸಿಕೊಳ್ಳುತ್ತೀರಿ?

ನಿಮ್ಮ ವಕೀಲರು ಹೇಳಿದ್ದು ಸರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಸೆಕ್ಷನ್ 60ರಲ್ಲಿ ಯಾವುದನ್ನು ಜಪ್ತಿ ಮಾಡಬಾರದು ಅಂತ ಉದ್ದ ಪಟ್ಟಿ ಇದೆ. ಅದರ (ಜೆ) ಉಪಕಲಂನಲ್ಲಿ ಭೂಸೇನೆ, ವಾಯುಪಡೆ, ನೌಕಾಪಡೆ ಕಾಯ್ದೆಗಳಿಗೆ ಒಳಪಟ್ಟವರ ಪಗಾರ, ಭತ್ಯೆ ಪೂರ್ತಿ ಹೊರಗೆ. ಮೇಷ್ಟ್ರಿಗೆ ಅನ್ವಯಿಸುವುದು ಬೇರೆ ಉಪಕಲಂ. ಅಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮಾತ್ರ ಅವರಿಗೆ ಬಿಟ್ಟದ್ದು, ಮಿಕ್ಕಿದ್ದು ಜಪ್ತಿ ಆಗುತ್ತದೆ. ಇದಲ್ಲದೆ 1950ರ ಆರ್ಮಿ ಆಕ್ಟ್ ಸೆಕ್ಷನ್ 28 ಕೂಡ ಪಗಾರ ಜಪ್ತಿಗೆ ಅಡ್ಡ ಬರುತ್ತದೆ. ಸೆಕ್ಷನ್ 29ರ ಪ್ರಕಾರ ಸೇನೆಯಲ್ಲಿ ಇರುವ ತನಕ ಸಾಲದ ಬಾಬ್ತು ಸಿವಿಲ್ ಕೋರ್ಟ್ ಅವನನ್ನು ಬಂಧಿಸುವಂತಿಲ್ಲ.

ಆದರೆ ರಕ್ಷಣೆ ಇರುವುದು ಪಗಾರಕ್ಕೆ ಮತ್ತು ಅವನ ಮೈಗೆ. ಊರಿನ ಆಸ್ತಿಗೆ ಸೈನಿಕ ಅನ್ನುವ ಕಾರಣಕ್ಕೆ ಯಾವ ರಕ್ಷಣೆಯೂ ಇಲ್ಲ. ಹೊಲ, ಪ್ಲಾಟ್, ಮನೆ, ಕಾರು, ಬೇರೆ ಯಾರಿಂದಲಾದರೂ ಅವನಿಗೆ ಬರಬೇಕಾದ ಬಾಕಿ, ಇವೆಲ್ಲ ಜಪ್ತಿಗೆ ಬರುತ್ತವೆ. ನಿಮ್ಮ ದಾರಿ ಆಳಂದದಲ್ಲೇ ಇದೆ, ಅವನ ಯೂನಿಟ್‌ನಲ್ಲಿ ಇಲ್ಲ.

ಡಿಕ್ರಿಗೆ 12 ವರ್ಷ ಆಯಸ್ಸು. ನಿಮ್ಮದು 2036ರ ಆಗಸ್ಟ್ ತನಕ ಜೀವಂತ. ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿ ಜಾರಿ ಮಾಡಿಸಿ ಅಂತ ಕೇಳುವ ಅರ್ಜಿ, ಹಾಕಿದ್ದೀರಾ? ಡಿಕ್ರಿ ಆಗಿ ಎರಡು ವರ್ಷ ದಾಟಿದ ಮೇಲೆ ಹಾಕಿದರೆ, ಅವನಿಗೆ ಮೊದಲು ನೋಟಿಸ್ ಹೋಗಬೇಕು. ಅದು ಯೂನಿಟ್ ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ತಾರೀಖಿನ ಮೇಲೆ ತಾರೀಖು.

ನಿಮ್ಮ ಕೇಸಿನಲ್ಲಿ ನನಗೆ ಬಹಳ ಹಿಡಿಸಿದ್ದು ಸಮನ್ಸ್ ವಿಷಯ. ಸೈನಿಕನಿಗೆ ಸಮನ್ಸ್ ಕಮಾಂಡಿಂಗ್ ಆಫೀಸರ್ ಮೂಲಕವೇ ಕಳಿಸಬೇಕು ಅಂತ ಆರ್ಡರ್ 5, ರೂಲ್ 28 ಹೇಳುತ್ತದೆ. ಎಷ್ಟೋ ಜನ ಊರಿನ ಮನೆಗೆ ಕಳಿಸಿ, ಅಪ್ಪನ ಹೆಬ್ಬೆಟ್ಟು ಹಾಕಿಸಿ, ಏಕಪಕ್ಷೀಯ ಡಿಕ್ರಿ ಮಾಡಿಸಿಕೊಂಡು ಖುಷಿಯಾಗಿ ಇರುತ್ತಾರೆ. ಆಮೇಲೆ ಸೈನಿಕ ಬಂದು ಅದನ್ನು ರದ್ದು ಮಾಡಿಸುತ್ತಾನೆ. ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಇರುವ ಸೈನಿಕರಿಗಾಗಿಯೇ 1925ರ ಒಂದು ಕಾಯ್ದೆ ಇದೆ, ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಆಕ್ಟ್. ಅದರಡಿ ವಿಚಾರಣೆ ಮುಂದೂಡಲೂಬಹುದು, ಡಿಕ್ರಿ ತೆಗೆದುಹಾಕಿಸಲೂಬಹುದು. ನಿಮ್ಮಲ್ಲಿ ಅವನೇ ಸಹಿ ಮಾಡಿ, ತಮ್ಮನಿಗೆ ಅಧಿಕಾರ ಕೊಟ್ಟು, ವಾದ ಮಾಡಿಸಿ ಸೋತಿದ್ದಾನೆ. ಆ ಡಿಕ್ರಿ ಅಲ್ಲಾಡಿಸುವುದು ಕಷ್ಟ.

ಈಗ ಹೇಳಿ, ಊರಲ್ಲಿ ಅವನ ಹೆಸರಿನಲ್ಲಿ ಏನೇನಿದೆ?

—

ಔರಾದ ಫೌಜಿ:

ಅಕ್ಕಾ, ನಾನು ಬೀದರ್ ಜಿಲ್ಲೆ ಔರಾದ ಕಡೆಯವನು. ಹವಾಲ್ದಾರ್ ಆಗಿ ರಿಟೈರ್ ಆಗಿದ್ದೇನೆ. ಉಪದೇಶ ಮಾಡಲ್ಲ, ಹೆದರಬೇಡಿ.

ಸೆಕ್ಷನ್ 28 ನಮಗೆ ಯೂನಿಟ್‌ನಲ್ಲಿ ಓದಿ ಹೇಳಿದ್ದರು. ಅದರಲ್ಲಿ ಪಗಾರ ಅಷ್ಟೇ ಅಲ್ಲ, ಆಯುಧ, ಬಟ್ಟೆ, ಸಾಮಾನು, ಕೊನೆಗೆ ಕೆಲಸಕ್ಕೆ ಬಳಸುವ ಪ್ರಾಣಿಯನ್ನೂ ಮುಟ್ಟಬಾರದು ಅಂತ ಇದೆ. ಕುದುರೆ, ಹೇಸರಗತ್ತೆ ಜಪ್ತಿ ಮಾಡಿಕೊಂಡು ಹೋದರೆ ಫೌಜ್ ನಡೆಯೋದು ಹೇಗೆ ಅನ್ನುವ ಕಾಲದ ಮಾತು. ಪಗಾರದ್ದೂ ಅದೇ ಲೆಕ್ಕ. ಮೇಲೆ ಬರ್ಫ್‌ನಲ್ಲಿ ನಿಂತವನಿಗೆ ಊರಲ್ಲಿ ಹೆಂಡತಿ ಮಕ್ಕಳಿಗೆ ರೊಕ್ಕ ಹೋಯ್ತೋ ಇಲ್ಲವೋ ಅನ್ನೋ ಚಿಂತೆ ಇರಬಾರದು. ಕಾನೂನು ಸರಿಯೇ ಇದೆ. ಅದರ ಹಿಂದೆ ಅಡಗಿ ಅಂಗಡಿಯವರಿಗೆ ಟೋಪಿ ಹಾಕುವುದು ಮಾತ್ರ ಸರಿಯಲ್ಲ. ಫೌಜಿಯ ಮಾತಿಗೆ ಉದ್ರಿ ಸಿಗುತ್ತೆ ಅನ್ನುವುದು ನಮಗೆಲ್ಲ ಒಂದು ಹೆಮ್ಮೆ ಇತ್ತು. ಇಂಥವರಿಂದ ಅದು ಕೆಡುತ್ತೆ.

ಅವನ ಸಿಓ (ಕಮಾಂಡಿಂಗ್ ಆಫೀಸರ್) ಸಾಹೇಬರಿಗೆ ಒಂದು ಪತ್ರ ಬರೆಯಿರಿ. ಖಾಸಗಿ ಸಾಲಕ್ಕೆ ಅವರು ಪಗಾರ ಕಟ್ ಮಾಡಲಾರರು, ಅವರಿಗೂ ಆ ಅಧಿಕಾರ ಇಲ್ಲ. ಆದರೆ ಕರೆದು ಕೇಳುತ್ತಾರೆ. ಕಂಪನಿ ಕಮಾಂಡರ್ ಮುಂದೆ ಸಾವಧಾನ್‌ನಲ್ಲಿ ನಿಂತು 'ಸಿಮೆಂಟ್ ರೊಕ್ಕ ಕೊಟ್ಟಿಲ್ಲ ಸಾಬ್' ಅಂತ ಹೇಳೋದು ಎಷ್ಟು ಕಷ್ಟ ಅಂತ ಫೌಜಿಗೆ ಮಾತ್ರ ಗೊತ್ತು. ಊರಿಗೆ ಹೋಗಿ ಬಗೆಹರಿಸಿಕೊಂಡು ಬಾ ಅಂತ ರಜೆ ಕೊಟ್ಟು ಕಳಿಸಿದ್ದನ್ನೂ ನಾನು ನೋಡಿದ್ದೇನೆ.

ಪತ್ರ ಒಂದೇ ಪುಟ ಇರಲಿ. ಹಿಂದಿ ಇಲ್ಲವೇ ಇಂಗ್ಲಿಷ್‌ನಲ್ಲಿ ಬರೆಸಿ, ಕನ್ನಡದಲ್ಲಿ ಬರೆದರೆ ಅಲ್ಲಿ ಓದುವವರನ್ನು ಹುಡುಕಬೇಕು. ನಂಬರ್, ರ್‍ಯಾಂಕ್, ಹೆಸರು, ಯೂನಿಟ್, ಆಮೇಲೆ ಫೌಜ್‌ನ ಅಂಚೆ ಕಚೇರಿ, ಅಂದರೆ 56 ಎಪಿಓ ಅಥವಾ 99 ಎಪಿಓ, ಅವನದು ಯಾವುದೋ ಅದು. ಸಮನ್ಸ್ ವಾಪಸ್ ಬಂದ ಕಾಗದದ ಮೇಲೆ ಇದೆಲ್ಲ ಇರುತ್ತೆ ನೋಡಿ. ಡಿಕ್ರಿಯ ಸರ್ಟಿಫೈಡ್ ನಕಲು ಲಗತ್ತಿಸಿ. ಬಾಕಿ ಇಷ್ಟು, ಕೋರ್ಟ್ ಹೀಗೆ ಹೇಳಿದೆ, ದಯವಿಟ್ಟು ತಿಳಿಹೇಳಿ, ಇಷ್ಟೇ. ಮೋಸಗಾರ, ಕಳ್ಳ ಅಂತ ಒಂದು ಶಬ್ದವೂ ಬೇಡ. ಬೈಗುಳ ಇರುವ ಪತ್ರ ಬಂದರೆ ಯೂನಿಟ್ ತನ್ನ ಹುಡುಗನ ಪರ ನಿಲ್ಲುತ್ತೆ. ಅದು ಫೌಜ್‌ನ ಸ್ವಭಾವ.

ರಿಟೈರ್ ಆದ ಮೇಲೆ ಹಿಡಿಯೋಣ ಅಂತ ಕೂತರೆ ಅದೂ ಅಷ್ಟು ಸುಲಭ ಅಲ್ಲ. ಜವಾನರಿಗೆ 15 ವರ್ಷ ಸರ್ವಿಸ್ ಆದರೆ ಪಿಂಚಣಿ ಸಿಗುತ್ತೆ, ಆ ಪಿಂಚಣಿಯೂ ಜಪ್ತಿ ಆಗಲ್ಲ.

—

ಕೋರ್ಟ್ ರೋಡ್ ವಕೀಲ, ಕಲಬುರಗಿ:

ಹವಾಲ್ದಾರ್ ಸಾಹೇಬರ ಮಾತು ನಿಜ. ಪಿಂಚಣಿಗೆ 1871ರ ಪಿಂಚಣಿ ಕಾಯ್ದೆಯ ರಕ್ಷಣೆ ಇದೆ, ಸೆಕ್ಷನ್ 60ರಲ್ಲೂ ಇದೆ. ಪಿಂಚಣಿ, ಗ್ರಾಚ್ಯುಟಿ ರೊಕ್ಕವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೂ ರಕ್ಷಣೆ ಹೋಗಲ್ಲ ಅಂತ ರಾಧೇಶ್ಯಾಮ್ ಗುಪ್ತಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಬ್ಯಾಂಕ್ ಖಾತೆ ಹಿಂದೆ ಬಿದ್ದರೆ ವಾದವೇ ಜಾಸ್ತಿ, ರೊಕ್ಕ ಕಡಿಮೆ. ಒಂದು ಮಾತು ಸೇರಿಸುತ್ತೇನೆ. ರಿಟೈರ್ ಆಗಿ ಬ್ಯಾಂಕ್ ಗಾರ್ಡ್ ಕೆಲಸಕ್ಕೆ ಸೇರಿದರೆ, ಆ ಪಗಾರ ಮೇಷ್ಟ್ರ ಪಗಾರದ ಹಾಗೆ ಜಪ್ತಿಗೆ ಬರುತ್ತದೆ. ಅಷ್ಟು ಕಾಯುವ ತಾಳ್ಮೆ ನಿಮಗಿದೆಯಾ ಅನ್ನುವುದು ಬೇರೆ ಮಾತು.

—

ಭಾಲ್ಕಿ ಅಡತಿ:

ವಕೀಲ ಸಾಹೇಬರ ಮಾತಿಗೆ ಒಂದು ಸೇರಿಸ್ತೀನಿ. ಅವನು ನಿಜವಾಗಿ ಆರ್ಮಿಯಲ್ಲೇ ಇದ್ದಾನಾ ಅಂತ ಮೊದಲು ನೋಡಿ. ನಮ್ಮ ಕಡೆ ಸಿಆರ್‌ಪಿಎಫ್‌ನವರಿಗೂ ಮಿಲ್ಟ್ರಿ ಅಂತಲೇ ಹೇಳೋದು. ನಮ್ಮ ಅಡತಿಗೆ ಒಬ್ಬ ಬಾಕಿ ಇದ್ದ. ಎಲ್ಲರೂ ಮಿಲ್ಟ್ರಿಯವನು, ಏನೂ ಮಾಡಕ್ಕಾಗಲ್ಲ ಅಂದರು. ನೋಡಿದರೆ ಸಿಆರ್‌ಪಿಎಫ್. ಆ (ಜೆ) ಉಪಕಲಂನಲ್ಲಿ ಹೆಸರಿರೋದು ಮೂರು ಪಡೆಗಳದ್ದು ಮಾತ್ರ. ಪಗಾರ ಕೊಡುವ ಆಫೀಸಿಗೆ ಕೋರ್ಟ್ ಆರ್ಡರ್ ಹೋಯ್ತು, ತಿಂಗಳಾ ಕಟ್ ಆಗಿ ಬಂತು.

ಉದಾಹರಣೆಗೆ ಪಗಾರ 40,000 ಅಂತ ಇಟ್ಕೊಳ್ಳಿ. ಮೊದಲ 1,000 ಬಿಟ್ಟರೆ 39,000. ಅದರಲ್ಲಿ ಮೂರನೇ ಎರಡು, ಅಂದರೆ 26,000 ಅವನಿಗೆ. ಉಳಿದ 13,000 ಜಪ್ತಿಗೆ. ಆದರೆ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಆಮೇಲೆ ಆ ಡಿಕ್ರಿಗೆ ಪಗಾರದಿಂದ ಮತ್ತೆ ಬರಲ್ಲ. ನಮಗೆ ಅಷ್ಟರಲ್ಲಿ ಬಹುಪಾಲು ಬಂತು, ಉಳಿದದ್ದಕ್ಕೆ ಅವರಪ್ಪ ತೊಗರಿ ತಂದು ಹಾಕಿದ.

—

ಆಳಂದ ಅಂಗಡಿ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಅಡತಿ ಅಣ್ಣ, ಇವನು ಆರ್ಮಿಯೇ. ಸಮನ್ಸ್ ಕಾಗದದ ಮೇಲೆ ಇನ್‌ಫೆಂಟ್ರಿ ಬಟಾಲಿಯನ್ ಸೀಲ್ ಇದೆ. ಹವಾಲ್ದಾರ್ ಅಣ್ಣ, ನಂಬರ್, ರ್‍ಯಾಂಕ್, 56 ಎಪಿಓ ಎಲ್ಲಾ ಅದರಲ್ಲೇ ಇದೆ. ಮಗಳಿಗೆ ಹೇಳಿ ಪತ್ರ ಹಿಂದಿಯಲ್ಲಿ ಬರೆಸುತ್ತೇನೆ.

ವಕೀಲರೇ, ಪಹಣಿ ತೆಗೆಸಿದೆ. 4 ಎಕರೆ 20 ಗುಂಟೆ ಒಣ ಬೇಸಾಯದ ಹೊಲ, ಅವನು ಮತ್ತು ತಮ್ಮ ಇಬ್ಬರ ಹೆಸರಿನಲ್ಲಿ ಜಂಟಿ. ಉಳುಮೆ ತಮ್ಮನದು, ಈ ಸಲ ತೊಗರಿ ಹಾಕಿದ್ದಾನೆ. ಮನೆ ಇವನೊಬ್ಬನ ಹೆಸರಿನಲ್ಲಿ ಇದೆ, ಪಂಚಾಯ್ತಿಯ ಇ-ಸ್ವತ್ತಿನಲ್ಲಿ ನೋಡಿಸಿದೆ. ಮನೆಯಲ್ಲಿ ಅಪ್ಪ, ಅವ್ವ, ತಮ್ಮನ ಸಂಸಾರ. ರೈತರ ಮನೆ ಜಪ್ತಿ ಮಾಡೋ ಹಾಗಿಲ್ಲ ಅಂತ ಅವರ ಕಡೆಯವರು ಈಗಲೇ ಹೇಳ್ತಿದ್ದಾರೆ. ಅದು ಹೌದಾ? ಮನೆ ಹರಾಜು ಹಾಕಿಸೋ ಮನಸ್ಸು ನನಗೂ ಇಲ್ಲ. ಮುದುಕಿ ನನಗೆ ಹೋಳಿಗೆ ಬಡಿಸಿದಾಕೆ. ಆದರೆ ಅಂಜಿಕೆ ಆದರೂ ಆಗಬೇಕಲ್ವಾ?

—

ಕೋರ್ಟ್ ರೋಡ್ ವಕೀಲ, ಕಲಬುರಗಿ:

ರೈತನ ಮನೆಗೆ ರಕ್ಷಣೆ ಇರುವುದು ನಿಜ. ರೈತ ಅಂದರೆ ಯಾರು ಅನ್ನುವುದನ್ನೂ ಅದೇ ಸೆಕ್ಷನ್ 60 ಹೇಳುತ್ತದೆ. ಸ್ವತಃ ಸಾಗುವಳಿ ಮಾಡಬೇಕು, ಹೊಟ್ಟೆಪಾಡು ಮುಖ್ಯವಾಗಿ ಹೊಲದ ಆದಾಯದಿಂದಲೇ ನಡೆಯಬೇಕು. ಎರಡೂ ಬೇಕು. ನಿಮ್ಮ ಸಾಲಗಾರನ ಜೀವನ ನಡೆಯುವುದು ಸೇನೆಯ ಪಗಾರದಿಂದ. ಒಂದು ಕಡೆ ನಾನು ಸೈನಿಕ, ಪಗಾರ ಮುಟ್ಟಬೇಡಿ ಅನ್ನುವುದು, ಇನ್ನೊಂದು ಕಡೆ ನಾನು ರೈತ, ಮನೆ ಮುಟ್ಟಬೇಡಿ ಅನ್ನುವುದು, ಕೋರ್ಟಿನಲ್ಲಿ ಎರಡೂ ಒಟ್ಟಿಗೆ ನಡೆಯುವುದು ಕಷ್ಟ. ತಮ್ಮ ರೈತ ಇರಬಹುದು, ಆದರೆ ಮನೆ ತಮ್ಮನದಲ್ಲ, ಡಿಕ್ರಿಯೂ ತಮ್ಮನ ಮೇಲಿಲ್ಲ. ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಮಾತ್ರ ಋಣಭಾರ ಪತ್ರ ತೆಗೆಸಿ ನೋಡಿ. ಅಡಮಾನ ಇದ್ದರೆ ಬ್ಯಾಂಕಿನದು ಮೊದಲು.

ಹೊಲದಲ್ಲಿ ಅವನ ಪಾಲು ಜಪ್ತಿ ಆಗುತ್ತದೆ, ತಮ್ಮನ ಪಾಲು ಆಗಲ್ಲ. ಜಪ್ತಿ ಆದೇಶ ತಹಶೀಲ್ದಾರ್ ಕಚೇರಿಗೆ ಹೋಗಿ ಪಹಣಿಯ 11ನೇ ಕಾಲಂನಲ್ಲಿ ಏರುವಂತೆ ನೋಡಿಕೊಳ್ಳಿ, ಸಬ್ ರಿಜಿಸ್ಟ್ರಾರ್‌ಗೂ ಒಂದು ಪ್ರತಿ ಹೋಗಲಿ. ಅನುಭವದಿಂದ ಹೇಳುತ್ತೇನೆ, ಹರಾಜಿಗಿಂತ ಜಾಸ್ತಿ ಕೆಲಸ ಮಾಡುವುದು ಆ ಒಂದು ಸಾಲು. ಅವನ ತಮ್ಮ ಪಾಲು ಮಾಡಿಸಿಕೊಳ್ಳಲು ಹೋದರೂ ಅದು ಕಾಣುತ್ತದೆ, ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಹೋದರೂ ಕಾಣುತ್ತದೆ. ಜಪ್ತಿ ಆದ ಮೇಲೆ ಅವನು ತನ್ನ ಪಾಲನ್ನು ಯಾರಿಗಾದರೂ ಬರೆದುಕೊಟ್ಟರೆ, ನಿಮ್ಮ ಹಕ್ಕಿನ ಮುಂದೆ ಆ ಮಾರಾಟ ನಿಲ್ಲುವುದಿಲ್ಲ. ಸೆಕ್ಷನ್ 64 ಅದಕ್ಕೇ ಇರುವುದು. ಆಮೇಲೆ ಮನೆಯೊಳಗೇ ಪಂಚಾಯ್ತಿ ಶುರು ಆಗುತ್ತೆ. ನಿಮ್ಮ ರೊಕ್ಕ ಸಾಮಾನ್ಯವಾಗಿ ಆ ಪಂಚಾಯ್ತಿಯಿಂದ ಬರುತ್ತೆ.

ಬೆಳೆಯನ್ನೂ ಜಪ್ತಿ ಮಾಡಿಸಬಹುದು. ಸಿಪಿಸಿಯಲ್ಲಿ ನಿಂತ ಬೆಳೆ ಚರ ಆಸ್ತಿ. ಬೆಳೆ ಯಾವಾಗ ಕೊಯ್ಲಿಗೆ ಬರುತ್ತದೆ ಅಂತ ಅರ್ಜಿಯಲ್ಲೇ ಬರೆಯಬೇಕು ಅನ್ನುವ ರೂಲ್ ಕೂಡ ಇದೆ. ನಮ್ಮ ತೊಗರಿಗೆ ಡಿಸೆಂಬರ್, ಜನವರಿ ಅಂತ ಬರೆಯುತ್ತೇವೆ. ಆದರೆ ನಿಮಗೆ ಇದು ಬೇಡ ಅನ್ನುತ್ತೇನೆ. ಉತ್ತಿದ್ದು ಬಿತ್ತಿದ್ದು ತಮ್ಮ. ಬೆಳೆ ನನ್ನದು ಅಂತ ಆರ್ಡರ್ 21, ರೂಲ್ 58ರಡಿ ತಕರಾರು ಹಾಕುತ್ತಾನೆ, ಅದೇ ಒಂದು ಸಣ್ಣ ದಾವಾ ಆಗಿ ಕೂರುತ್ತದೆ.

ಮನೆ, ಹೊಲದ ಪಾಲು ಎರಡನ್ನೂ ಅರ್ಜಿಯ ಶೆಡ್ಯೂಲಿನಲ್ಲಿ ತೋರಿಸಿ. ಮೊದಲು ಹೊಲದ ಪಾಲು ಜಪ್ತಿ ಕೇಳಿ. ಬಾಕಿ ತೀರಲು ಎಷ್ಟು ಬೇಕೋ ಅಷ್ಟನ್ನೇ ಕೋರ್ಟ್ ಮಾರುವುದು. ಮೂರು ಲಕ್ಷದ ಬಾಕಿಗೆ ಇಡೀ ಆಸ್ತಿ ಹೋಗಲ್ಲ. ಆ ಮುದುಕಿ ಬೀದಿಗೆ ಬರುತ್ತಾಳೆ ಅನ್ನುವ ಚಿಂತೆ ಈಗಲೇ ಬೇಡ.

ಇನ್ನು ಖರ್ಚಿನ ವಿಷಯ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾಯ್ದೆಯಲ್ಲೇ ಇದೆ. ಅಂಗಡಿ ಇದೆ ಅಂತ ಬೇಡ ಅನ್ನಲು ಬರುವುದಿಲ್ಲ. ಆಳಂದ ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಅಮಲ್ಜಾರಿ ಹಾಕಿದ ಮೇಲೆ ಲೋಕ ಅದಾಲತ್‌ಗೆ ಇಡಿಸಿ. ಅವನು ರಜೆಗೆ ಬರುವ ದಿನ ಹೊಂದಿಕೆಯಾದರೆ ಅಲ್ಲೇ ಕಂತು ಬರೆಸಿಕೊಳ್ಳಬಹುದು.

—

ಸಗರನಾಡಿನ ತಂಗಿ:

ಅಕ್ಕಾ, ನಾನು ಯಾದಗಿರಿ ಜಿಲ್ಲೆ ಶಹಾಪುರದಿಂದ. ನಿಮ್ಮ ವಿಷಯಕ್ಕೆ ನೇರ ಸಂಬಂಧ ಇಲ್ಲ, ಆದರೂ ಬರೆಯುತ್ತೇನೆ. ಈ ತಲೆಬರಹ ನೋಡಿ ಜೀವನಾಂಶದ ಡಿಕ್ರಿ ಇರುವ ಹೆಣ್ಣುಮಕ್ಕಳೂ ಬರ್ತಾರೆ. ಪಗಾರ ಮುಟ್ಟೋ ಹಾಗಿಲ್ಲ ಅಂತ ಓದಿ ಸುಮ್ನೆ ವಾಪಸ್ ಹೋಗಬಾರದು.

ನಮ್ಮ ಅಕ್ಕನ ಗಂಡ ಆರ್ಮಿ. ಅಕ್ಕ, ಒಂದು ಮಗು ಇಬ್ಬರನ್ನೂ ತವರಲ್ಲಿ ಬಿಟ್ಟು ಹೋದ. ನಮಗೂ ಮೊದಲು ಒಬ್ಬರು ಇದನ್ನೇ ಹೇಳಿದರು, ಸೆಕ್ಷನ್ 28, ಏನೂ ಆಗಲ್ಲ ಅಂತ. ಆದರೆ ಹೆಂಡತಿ ಮಕ್ಕಳ ಜೀವನಾಂಶಕ್ಕೆ ಅದೇ ಆರ್ಮಿ ಆಕ್ಟ್‌ನಲ್ಲಿ ಬೇರೆ ಬಾಗಿಲು ಇದೆ. ಸೆಕ್ಷನ್ 90 ಆಫೀಸರ್‌ಗಳಿಗೆ, 91 ಜವಾನರಿಗೆ. ಕೋರ್ಟ್ ಜಪ್ತಿ ಮಾಡುವುದಲ್ಲ, ಸೇನೆಯೇ ಪಗಾರದಿಂದ ಹಿಡಿದು ಹೆಂಡತಿ ಖಾತೆಗೆ ಹಾಕುತ್ತೆ. ಹೆಂಡತಿಗೆ 22 ಪರ್ಸೆಂಟ್ ತನಕ, ಒಂದೊಂದು ಮಗುವಿಗೆ 5.5, ಎಲ್ಲಾ ಸೇರಿ 33 ದಾಟಲ್ಲ.

ಅರ್ಜಿ ಯೂನಿಟ್‌ಗೆ ಹೋಗಬೇಕು. ಮದುವೆ ದಾಖಲೆ, ಮಗುವಿನ ಜನನ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಕೋರ್ಟ್ ಆರ್ಡರ್ ಇದ್ದರೆ ಅದರ ನಕಲು. ಗಂಡನಿಗೆ ಶೋಕಾಸ್ ನೋಟಿಸ್ ಹೋಗುತ್ತೆ, ಅವನ ಉತ್ತರ ಬರುತ್ತೆ, ಆಮೇಲೆ ಮೇಲಿನ ಅಧಿಕಾರಿಗಳು ತೀರ್ಮಾನ ಮಾಡ್ತಾರೆ. ಬೇಗ ಆಗೋ ಕೆಲಸ ಅಲ್ಲ. ನಮ್ಮ ಕಾಗದ ಒಂದು ಸಲ ಮದುವೆ ಫೋಟೋ ಸಾಲದು ಅಂತ ವಾಪಸ್ ಬಂತು. ನೋಂದಣಿ ಇರಲಿಲ್ಲ. ಮದುವೆಯ ಲಗ್ನಪತ್ರಿಕೆ, ಅವನ ಸರ್ವಿಸ್ ದಾಖಲೆಯಲ್ಲಿ ಅಕ್ಕನ ಹೆಸರು ಇದೆ ಅನ್ನೋದು, ಎರಡನ್ನೂ ಬರೆದು ಮತ್ತೆ ಕಳಿಸಿದೆವು. ಈಗ ತಿಂಗಳಾ ಬರ್ತಿದೆ.

ಕೋರ್ಟಿನ ಕಡೆ ಏನಂದರೆ, ಜೀವನಾಂಶದ ಹಳೆ ಸಿಆರ್‌ಪಿಸಿ 125ನೇ ಕಲಂ 2024ರ ಜುಲೈನಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ಬಾಕಿಗೆ ಅರ್ಜಿಯನ್ನು ಅದು ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಊರಿನ ಹಿರಿಯರು ಮಾತಾಡಿ ಸರಿ ಮಾಡ್ತೀವಿ ಅಂತ ಎಳೆದರೆ ಹಿಂದಿನ ತಿಂಗಳುಗಳು ಒಂದೊಂದೇ ಕೈಬಿಟ್ಟು ಹೋಗುತ್ತವೆ.

—

ಕೋರ್ಟ್ ರೋಡ್ ವಕೀಲ, ಕಲಬುರಗಿ:

ತಂಗಿ ಬರೆದದ್ದು ಸರಿಯಾಗಿದೆ. ಒಂದೇ ಸೇರ್ಪಡೆ. ರಜನೇಶ್ ವಿರುದ್ಧ ನೇಹಾ ಕೇಸಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು, ಇಬ್ಬರೂ ಆಸ್ತಿ ಆದಾಯದ ಅಫಿಡವಿಟ್ ಹಾಕಬೇಕು ಅಂದಿದೆ. ಗಂಡ ಸೈನಿಕ ಆದರೂ ಅಫಿಡವಿಟ್ ಕೇಳಿ. ಪಗಾರ ಚೀಟಿ ಹೊರಗೆ ಬರುತ್ತೆ.

—

ಆಳಂದ ಅಂಗಡಿ ಅಕ್ಕ:

ತಂಗಿ, ನಿಮ್ಮ ಅಕ್ಕನಿಗೆ ಬರ್ತಿರೋದು ಕೇಳಿ ಸಮಾಧಾನ ಆಯ್ತು. ಅವರದಕ್ಕೆ ಹೋಲಿಸಿದರೆ ನನ್ನದು ಸಿಮೆಂಟ್ ರೊಕ್ಕ ಅಷ್ಟೇ.

ಪತ್ರ ಸ್ಪೀಡ್ ಪೋಸ್ಟ್ ಮಾಡಿದೆ. ನಮ್ಮ ವಕೀಲರು ಅಮಲ್ಜಾರಿ ಹಾಕಿದ್ದಾರೆ, ಹೊಲದ ಪಾಲು ಜಪ್ತಿ ಕೇಳಿದ್ದಾರೆ. ಪತ್ರದಿಂದಲೋ ಅರ್ಜಿಯಿಂದಲೋ ಗೊತ್ತಿಲ್ಲ, ಅವನೇ ಫೋನ್ ಮಾಡಿದ. ಮೊದಲು ಸ್ವಲ್ಪ ಜೋರು ಮಾಡಿದ, ಸಾಹೇಬರ ಹತ್ತಿರ ಯಾಕೆ ಹೋದಿರಿ ಅಂತ. ನಾನು ನಿನ್ನ ಮನೆ ಬಾಗಿಲಿಗೆ ಎಷ್ಟು ಸಲ ಬಂದೆ, ಆಗ ನೀನು ಸಿಕ್ಕಿದ್ದರೆ ಸಾಹೇಬರು ಯಾಕೆ ಬೇಕಿತ್ತು ಅಂದೆ. ತಣ್ಣಗಾದ. ತಿಂಗಳಿಗೆ 10,000 ಫೋನ್‌ಪೇ ಮಾಡ್ತೀನಿ, ಕೇಸ್ ವಾಪಸ್ ತಗೊಳ್ಳಿ ಅಂತಾನೆ. ಕಂತು ತಗೋಬಹುದಾ? ಕೇಸ್ ವಾಪಸ್ ತಗೊಂಡ ಮೇಲೆ ನಿಲ್ಲಿಸಿಬಿಟ್ಟರೆ?

—

ಔರಾದ ಫೌಜಿ:

ರೊಕ್ಕ ತಗೊಳ್ಳಿ, ಕೇಸ್ ಮಾತ್ರ ಬಿಡಬೇಡಿ ಅಕ್ಕಾ. ಪೋಸ್ಟಿಂಗ್ ಬದಲಾದರೆ ಸಿಓ ಬೇರೆ, ಎಪಿಓ ಬೇರೆ. ಮತ್ತೆ ಹೊಸ ಪತ್ರ ಬರೆಯಬೇಕಾಗುತ್ತೆ.

—

ಕೋರ್ಟ್ ರೋಡ್ ವಕೀಲ, ಕಲಬುರಗಿ:

ತಗೊಳ್ಳಿ, ಬೇಡ ಅನ್ನಬೇಡಿ. ಆದರೆ ಕೋರ್ಟಿನ ಹೊರಗೆ ಬಂದ ರೊಕ್ಕವನ್ನು ಕೋರ್ಟಿಗೆ ತಿಳಿಸಬೇಕು, ಆರ್ಡರ್ 21, ರೂಲ್ 2. ನಿಮ್ಮ ವಕೀಲರ ಕೈಲಿ ಮೆಮೋ ಹಾಕಿಸಿ, ಇಂಥ ದಿನ ಇಷ್ಟು ಬಂತು ಅಂತ. ನಾಳೆ ಅವನು ಎಲ್ಲಾ ಕೊಟ್ಟೆ ಅಂದರೆ ಲೆಕ್ಕ ಕೋರ್ಟಿನ ಕಡತದಲ್ಲೇ ಇರುತ್ತೆ. ಕೊಟ್ಟದ್ದು ದಾಖಲಾಗದೆ ಹೋದರೆ ಅಮಲ್ಜಾರಿ ಕೋರ್ಟ್ ಅದನ್ನು ಲೆಕ್ಕಕ್ಕೇ ಹಿಡಿಯಲ್ಲ, ಹಾಗಾಗಿ ದಾಖಲೆ ಅವನಿಗೂ ಒಳ್ಳೆಯದು. ಅದನ್ನೇ ಹೇಳಿ ಒಪ್ಪಿಸಿ.

ನಿಮ್ಮ ಅಸಲಿಗೆ 6 ಪರ್ಸೆಂಟ್ ಅಂದರೆ ತಿಂಗಳಿಗೆ 1,432 ರೂಪಾಯಿ ಬಡ್ಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಬಂದ ರೊಕ್ಕ ಮೊದಲು ಬಡ್ಡಿಗೆ, ಖರ್ಚಿಗೆ, ಆಮೇಲೆ ಅಸಲಿಗೆ. ಹಳೆ ಬಡ್ಡಿಯನ್ನು ಸ್ವಲ್ಪ ಬಿಟ್ಟುಕೊಡುವ ಮನಸ್ಸಿದ್ದರೆ ಅದನ್ನು ಫೋನಿನಲ್ಲಿ ಹೇಳಬೇಡಿ. ಲೋಕ ಅದಾಲತ್‌ನ ರಾಜಿ ಪತ್ರದಲ್ಲಿ ಬರೆಸಿ. ಕಂತು ತಪ್ಪಿದರೆ ಪೂರ್ತಿ ಬಾಕಿಗೆ ಅಮಲ್ಜಾರಿ ಮುಂದುವರಿಯುತ್ತದೆ ಅನ್ನುವ ಸಾಲೂ ಅದರಲ್ಲಿ ಇರಲಿ. ಹೊಲದ ಜಪ್ತಿಯನ್ನು ಕೊನೆಯ ಕಂತು ಬರುವ ತನಕ ಪಹಣಿಯಿಂದ ತೆಗೆಸಬೇಡಿ. ಪೂರ್ತಿ ಸಂದಾಯ ಅಂತ ಎಲ್ಲೂ ಸಹಿ ಮಾಡಬೇಡಿ, ಅವನ ತಮ್ಮ ಖಾಲಿ ಸ್ಟಾಂಪ್ ಪೇಪರ್ ತಂದರಂತೂ ಅಂಗಡಿ ಒಳಗೇ ಬಿಟ್ಟುಕೊಳ್ಳಬೇಡಿ.